ಬೆಟಗೇರಿಯಲ್ಲಿ ಸಾಯದ ಕಪ್ತಾನ

ಎಲ್ಲ ಸುರುವಾದದ್ದು ಒಂದು ಕೈಯಿಂದ. ಪೂರ್ತಿ ಕೈ ಕೂಡ ಅಲ್ಲ, ಮಣಿಕಟ್ಟಿನಿಂದ ಈಚೆಗಷ್ಟೇ. ಸುಕ್ಕುಬಿದ್ದ ಚರ್ಮ, ಉಗುರಿನ ಸಂದಿಯಲ್ಲಿ ಕರೀ ಎಣ್ಣೆ, ಹೆಬ್ಬೆರಳಿನ ಬುಡದಲ್ಲಿ ಸುಟ್ಟ ಗಾಯದ ಹಳೇ ಕಲೆ. ಕತ್ತಲೆಯೊಳಗಿಂದ ನಿಧಾನವಾಗಿ ಮುಂದೆ ಬಂದು ಅದು ಒಂದು ಕಬ್ಬಿಣದ ಹಿಡಿಕೆಯನ್ನು ಹಿಡಿಯುತ್ತದೆ. ಟ್ರೇಲರ್ ಅಲ್ಲಿಗೆ ಮುಗಿಯುತ್ತದೆ. ಆಮೇಲೆ ಮೊಬೈಲಿನ ಕರೀ ಗಾಜಿನಲ್ಲಿ ನನ್ನದೇ ಮುಖ ಕಾಣುತ್ತದೆ, ಕನ್ನಡಕ ಹಣೆಗೇರಿಸಿಕೊಂಡು, ಬಾಯಿ ತೆರೆದುಕೊಂಡು.

ಆ ಕೈ ಯಾರದು ಎಂಬ ಚಿಂತೆಯಲ್ಲಿ ನಾನು ನಾಲ್ಕು ತಿಂಗಳು ಕಳೆದೆ. ನನ್ನ ಸ್ವಂತ ಕೈಗಳ ಬಗ್ಗೆ ಜನ್ಮದಲ್ಲಿ ಇಷ್ಟು ಯೋಚಿಸಿದವನಲ್ಲ.

ಚಿಂತೆ ಮಾಡುವುದು ನನಗೆ ಹೊಸದೇನಲ್ಲ ಬಿಡಿ. ಶಿರಹಟ್ಟಿಯ ಒಂದು ಕಾಲೇಜಿನ ಫಿಜಿಕ್ಸ್ ಲ್ಯಾಬಿನಲ್ಲಿ ನನಗೆ ಕೆಲಸ. ದಿನಾ ಬೆಟಗೇರಿಯಿಂದ ಗದಗಿಗೆ ಬಂದು ಅಲ್ಲಿಂದ ಬಸ್ಸು ಹಿಡಿಯುತ್ತೇನೆ. ಬಸ್ಸು ಮುಳಗುಂದ ದಾಟುವುದರೊಳಗೆ ಮನೆಯ ಗ್ಯಾಸಿನ ಬಗ್ಗೆ ಒಂದು ಚಿಂತೆ, ದಾಟಿದ ಮೇಲೆ ಲ್ಯಾಬಿನ ಬೀಗದ ಬಗ್ಗೆ ಇನ್ನೊಂದು. ಬಸ್ಸು ಸರಿಯಾದ ಹೊತ್ತಿಗೆ ಬಂದರೆ ಅದಕ್ಕೂ ಚಿಂತೆ: ಇಷ್ಟು ಸರಿಯಾಗಿ ಯಾಕೆ ಬಂತು? ನನ್ನ ಹೆಂಡತಿ ಸುಮಿತ್ರಾ ಮದುವೆಯಾದ ಹೊಸತರಲ್ಲಿ ನನ್ನ ಚಿಂತೆಗಳಿಗೆಲ್ಲ ಉತ್ತರ ಕೊಡುತ್ತಿದ್ದಳು. ಈಗ "ಹೂಂ, ಮಾಡ್ರಿ" ಅನ್ನುತ್ತಾಳೆ, ಜಳಕ ಮಾಡ್ರಿ ಅಂದ ಹಾಗೆ.

ಆ ಟ್ರೇಲರ್ ಯಾವುದರದು ಅಂತ ಹೇಳಬೇಕಲ್ಲ. ನಾನು ಸಣ್ಣವನಿದ್ದಾಗ ಆಕಾಶದಲ್ಲಿ ಹಡಗು ಹಾರಿಸಿಕೊಂಡು ಹೋಗುವ ಒಂದು ಇಂಗ್ಲಿಷ್ ಸಿನಿಮಾ ಮೂರು ಭಾಗದಲ್ಲಿ ಬಂದಿತ್ತು. ಅದರ ಖರೇ ಹೆಸರು ನಮ್ಮ ಓಣಿಯಲ್ಲಿ ಯಾರ ನಾಲಗೆಗೂ ಹೊರಳುತ್ತಿರಲಿಲ್ಲ. ನಾವು ಕರೆದದ್ದು 'ಕಪ್ತಾನನ ಸಿನಿಮಾ'. ಒಂದು ಮುರುಕು ಹಡಗು, ಅದರಲ್ಲಿ ಒಬ್ಬ ಕಪ್ತಾನ, ಅವನ ಜೊತೆ ಐದು ಮಂದಿ. ಎಲ್ಲರಿಗೂ ಮನೆಗೆ ಹೋಗಬೇಕು, ನಡುವೆ ನೂರೆಂಟು ಅಡ್ಡಿ. ಇಷ್ಟೇ ಕತೆ. ನಿರ್ವಾತದಲ್ಲಿ ಸದ್ದು ಹಾಯುವುದಿಲ್ಲ ಅಂತ ವರ್ಷಾ ವರ್ಷಾ ಗಾಜಿನ ಬುರುಡೆಯೊಳಗೆ ಗಂಟೆ ಇಟ್ಟು, ಗಾಳಿ ತೆಗೆದು ಹುಡುಗರಿಗೆ ತೋರಿಸುವವನು ನಾನೇ. ಆದರೂ ಆ ಸಿನಿಮಾದಲ್ಲಿ ಹಡಗು ಢಂ ಅಂದದ್ದು ತಪ್ಪು ಅಂತ ಇವತ್ತಿಗೂ ನನ್ನ ಬಾಯಿಂದ ಬಂದಿಲ್ಲ. ಅದು ಕಪ್ತಾನನ ಹಡಗು. ಅದಕ್ಕೆ ಬೇಕಾದರೆ ಸದ್ದು ಮಾಡಲಿ.

ಮೂರನೇ ಭಾಗದ ಕೊನೆಯಲ್ಲಿ ಹಡಗಿಗೆ ಬೆಂಕಿ ಬೀಳುತ್ತದೆ. ಐದೂ ಮಂದಿ ಒಂದು ಸಣ್ಣ ಹಡಗಿಗೆ ದಾಟಿಕೊಂಡು ಪಾರಾಗಬೇಕು. ಆದರೆ ನಡುವಿನ ಬಾಗಿಲು ಒಳಗಿಂದ ಹಿಡಿಕೆ ಜಗ್ಗಿ ಹಿಡಿದರೆ ಮಾತ್ರ ಮುಚ್ಚುತ್ತದೆ. ಕಪ್ತಾನ ಒಳಗೇ ಉಳಿಯುತ್ತಾನೆ. ಬಾಗಿಲು ಮುಚ್ಚುತ್ತದೆ, ತೆರೆಯ ತುಂಬ ಬಿಳೀ ಬೆಳಕು, ಆಮೇಲೆ ಹೆಸರುಗಳು. ಜಗತ್ತಿನ ಎಲ್ಲ ಊರುಗಳಲ್ಲಿ ಅದು ಹೀಗೇ ಮುಗಿಯಿತು.

ಬೆಟಗೇರಿಯಲ್ಲಿ ಹೀಗೆ ಮುಗಿಯಲಿಲ್ಲ.

ಆಗ ಗದಗಿನಲ್ಲೊಂದು ಟಾಕೀಸು, ಬೆಟಗೇರಿಯಲ್ಲೊಂದು ಟಾಕೀಸು, ಎರಡಕ್ಕೂ ಸೇರಿ ಸಿನಿಮಾದ ಒಂದೇ ಪ್ರತಿ. ಗದಗಿನಲ್ಲಿ ಆಟ ಮೊದಲು ಸುರು. ಅಲ್ಲಿ ಒಂದು ರೀಲು ಓಡಿ ಮುಗಿದ ಕೂಡಲೇ ಅದನ್ನು ತಗಡಿನ ಡಬ್ಬಿಗೆ ಹಾಕಿ, ಸೈಕಲ್ಲಿನ ಹಿಂದೆ ಕಟ್ಟಿ ನಮ್ಮ ಕಡೆಗೆ ಓಡಿಸುತ್ತಿದ್ದರು. ಅವಳಿ ಊರು ಅಂತ ಹೇಳುವುದು ಸುಲಭ. ನಡುವೆ ರೈಲಿನ ಹಳಿ ಇತ್ತು. ಗೇಟು ಬಿದ್ದು ಗೂಡ್ಸ್ ಗಾಡಿ ನಿಂತಿತೆಂದರೆ ನಮ್ಮ ಟಾಕೀಸಿನಲ್ಲಿ ನಾಯಕ ಎತ್ತಿದ ಕೈ ಎತ್ತಿದ ಹಾಗೇ ದೀಪ ಹತ್ತುತ್ತಿದ್ದವು. ನಾವು ಶೇಂಗಾ ತಿಂದುಕೊಂಡು ಗಾಡಿ ಹೋಗುವುದನ್ನು ಕಾಯುತ್ತಿದ್ದೆವು.

ಮೂರನೇ ಭಾಗ ಬಂದಾಗ ಕೊನೆಯ ಎರಡು ಡಬ್ಬಿಗಳ ಮುಚ್ಚಳ ಅದಲು ಬದಲಾಗಿದ್ದವು. ಗದಗಿನ ಆಪರೇಟರ್ ರೀಲಿನ ತುದಿಯನ್ನು ಬೆಳಕಿಗೆ ಹಿಡಿದು ನಂಬರ್ ಓದಿಕೊಳ್ಳುವ ಮನುಷ್ಯ. ನಮ್ಮವನು ಮುಚ್ಚಳವನ್ನು ನಂಬಿ, ಮೊದಲು ಬಂದ ಡಬ್ಬಿಯ ಮೇಲೆ ಹನ್ನೆರಡು ಅಂತ ಇದ್ದದ್ದು ನೋಡಿ, ಅದನ್ನು ಬದಿಗಿಟ್ಟು ಇನ್ನೊಂದು ಬರುವ ತನಕ ಕಾದ. ಹೀಗಾಗಿ ಬೆಟಗೇರಿಯಲ್ಲಿ ಮೊದಲು ಹನ್ನೆರಡನೇ ರೀಲು ಓಡಿತು. ಬೆಂಕಿ ಬಿತ್ತು, ಬಾಗಿಲು ಮುಚ್ಚಿತು, ಬಿಳೀ ಬೆಳಕು ಬಂತು, ಹೆಸರೂ ಬಂದವು. ಮಂದಿ ಮೂಗು ಒರೆಸಿಕೊಂಡು ಎದ್ದರು. ಕೆಲವರು ಚಪ್ಪಲಿ ಮೆಟ್ಟಿಕೊಂಡು ಬಾಗಿಲ ತನಕ ಹೋಗಿದ್ದರು. ಅಷ್ಟರಲ್ಲಿ ಹನ್ನೊಂದನೇ ರೀಲು ಸುರುವಾಯಿತು. ನೋಡಿದರೆ ಹಡಗಿನ ಅಡಿಗೆಮನೆ, ಉದ್ದನೆಯ ಟೇಬಲ್ಲು, ಐದೂ ಮಂದಿ ಕೂತಿದ್ದಾರೆ, ನಟ್ಟನಡುವೆ ಕಪ್ತಾನ! ಟೇಬಲ್ಲು ಗುದ್ದಿ ಗುದ್ದಿ ನಗುತ್ತಿದ್ದಾನೆ, ಊಟ ಮಾಡುತ್ತಿದ್ದಾನೆ.

ಅಂಥಾ ಸಿಳ್ಳೆ ನಾನು ಮತ್ತೆ ಕೇಳಲಿಲ್ಲ. ಹೋದವರನ್ನು ಕೂಗಿ ಕರೆದರು. ಮುಂದಿನ ಬೆಂಚಿನವನೊಬ್ಬ, "ಹೆಸರು ಬಿದ್ದ ಮ್ಯಾಲೂ ಬಂದಾನಂದ್ರ ಅವನ ತಾಕತ್ತ ಎಂಥಾದ್ದಿರಬೇಕಲೇ" ಅಂದ. ಈಗೆಲ್ಲ ಸಿನಿಮಾದ ಹೆಸರು ಮುಗಿದ ಮೇಲೆ ಒಂದು ತುಣುಕು ತೋರಿಸುವುದು ದೊಡ್ಡ ರೂಢಿಯಾಗಿದೆಯಂತೆ. ಅದನ್ನು ಮೊದಲು ಮಾಡಿದವನು ನಮ್ಮ ಆಪರೇಟರ್ ಅಂತ ನನ್ನ ಬಲವಾದ ನಂಬಿಕೆ.

ಆ ಸಿನಿಮಾ ನಮ್ಮಲ್ಲಿ ಓಡಿದ ಅಷ್ಟೂ ದಿನ ಹೀಗೇ ಓಡಿತು. ಒಬ್ಬರೂ ತಕರಾರು ಮಾಡಲಿಲ್ಲ. ಇಂಗ್ಲಿಷ್ ಯಾರಿಗೂ ತಿಳಿಯುತ್ತಿರಲಿಲ್ಲ, ಊಟ ಎಲ್ಲರಿಗೂ ತಿಳಿಯಿತು. ಮನೆಗೆ ಬಂದು ನಾನು ಕತೆ ಹೇಳಿದೆ. ಅಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುತ್ತಲೇ ಕೇಳಿದರು, ಅವ್ವ ರಾಟಿ ತಿರುವಿ ನೂಲು ಸುತ್ತುತ್ತ ಕೇಳಿದಳು. ಸದ್ದಿನಲ್ಲಿ ಕೇಳಲಿ ಅಂತ ನಾನು ಒದರಿ ಒದರಿ ಹೇಳಿದ್ದೆ. ಎಲ್ಲ ಮುಗಿದ ಮೇಲೆ ಅವ್ವ ಕೇಳಿದ್ದು ಒಂದೇ ಮಾತು: "ಊಟಕ್ಕ ಏನ್ ಮಾಡಿದ್ರಂತ?"

ಗದಗಿನ ಮಂದಿ ಮಾತ್ರ ಅತ್ತುಕೊಂಡು ಮನೆಗೆ ಹೋಗಿದ್ದರು. ಇದು ನನಗೆ ಗೊತ್ತಾದದ್ದು ಎಂಟನೆಯ ಇಯತ್ತೆಗೆ ಗದಗಿನ ಹೈಸ್ಕೂಲು ಸೇರಿದಾಗ. ಪಕ್ಕದಲ್ಲಿ ಕೂತ ಹುಡುಗ ಚನ್ನಬಸು ಮೊದಲನೇ ದಿನವೇ ನನ್ನ ವಹಿಯ ಹಿಂದಿನ ಪುಟದ ಹಡಗಿನ ಚಿತ್ರ ನೋಡಿ, "ಪಾಪ ಕಪ್ತಾನ, ಸಾಯಬಾರದಿತ್ತು" ಅಂದ.

"ಎಲ್ಲಿ ಸತ್ತಾನಲೇ?" ಅಂದೆ.

"ಬೆಂಕ್ಯಾಗ."

"ಉಳದು ಬಂದು ಉಂಡಾನ. ನಾ ಕಣ್ಣಾರೆ ನೋಡೀನಿ."

ಅವನು ನನ್ನನ್ನು ಸುಳ್ಳ ಅಂದ. ನಾನು ಅವನನ್ನು ಕೊಲೆಗಡುಕ ಅಂದೆ. ಮಾಸ್ತರರು ಇಬ್ಬರನ್ನೂ ಹೊರಗೆ ನಿಲ್ಲಿಸಿದರು. ಹೊರಗೆ ನಿಂತವರಿಗೆ ಮಾತಾಡುವುದು ಬಿಟ್ಟು ಬೇರೆ ಉದ್ಯೋಗ ಇರಲಿಲ್ಲವಾಗಿ ಸ್ನೇಹಿತರಾದೆವು. ಅವನು ನನಗೆ ಚನ್ಯಾ ಆದ, ನಾನು ಅವನಿಗೆ ಪರಸ್ಯಾ ಆದೆ.

ಮುಂದೆ ಸಿಡಿಗಳು ಬಂದವು, ಮೊಬೈಲು ಬಂತು, ಸಿನಿಮಾವನ್ನು ಸರಿಯಾದ ಕ್ರಮದಲ್ಲಿ ನಾನೂ ನೋಡಿದೆ. ಊಟ ಮೊದಲು, ಬೆಂಕಿ ಆಮೇಲೆ. ಅಂದರೆ ಖರೆ ಏನು ಅಂತ ನನಗೆ ಚೆನ್ನಾಗಿ ಗೊತ್ತು. ಆದರೆ ಹತ್ತು ವರ್ಷದವನಿದ್ದಾಗ ಒಬ್ಬ ಮನುಷ್ಯ ಬೆಂಕಿಯಿಂದ ಎದ್ದು ಬಂದು ಊಟಕ್ಕೆ ಕೂತದ್ದನ್ನು ನೋಡಿದವನಿಗೆ ಆಮೇಲೆ ಬಂದ ಖರೆ ಅಷ್ಟು ಸುಲಭವಾಗಿ ಒಳಗೆ ಇಳಿಯುವುದಿಲ್ಲ. ಅದಕ್ಕೇ ನಾನು ವಕೀಲರ ದಾರಿ ಹಿಡಿದೆ. ಹೆಣ ತೋರಿಸಿದ್ದಾರೆಯೇ? ಇಲ್ಲ. ಬಾಗಿಲು ಮುಚ್ಚಿತು, ಬೆಳಕು ಬಂತು, ಅಷ್ಟೇ. ಬೆಳಕು ಬಂದರೆ ಮನುಷ್ಯ ಸತ್ತ ಅಂತ ಅರ್ಥವೇ?

ಚನ್ಯಾ ಗದಗಿನ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುವ ಕೆಲಸಕ್ಕೆ ಸೇರಿದ. ಶಾಲೆಯ ಪುಸ್ತಕ, ಪಂಚಾಂಗ, ಲಗ್ನದ ಕಾರ್ಡು ಎಲ್ಲ ಅವನ ಕಣ್ಣಿನ ಕೆಳಗೇ ಹಾಯ್ದು ಹೋಗಬೇಕು. ತಪ್ಪು ಕಂಡರೆ ಅವನಿಗೆ ಮೈಯಲ್ಲಿ ಮುಳ್ಳು ಆಡಿದ ಹಾಗೆ. ಅವನ ವಾದ ಅವನ ಕಸುಬಿನಿಂದಲೇ ಬಂತು. "ಪುಟಾ ಹಿಂದ ಮುಂದ ಹೊಲದ್ರ ಕತಿ ಬದಲಾಗಂಗಿಲ್ಲ ಪರಸ್ಯಾ. ಅದಕ್ಕ ಬೈಂಡಿಂಗ್ ತಪ್ಪು ಅಂತಾರ. ನಿಮ್ಮ ಊರಾಗ ಬೈಂಡಿಂಗ್ ತಪ್ಪಿಗೆ ಸಿಳ್ಳಿ ಹೊಡದೀರಿ."

ಈ ಜಗಳ ನಾವು ಮೂವತ್ತು ವರ್ಷಕ್ಕಿಂತ ಹೆಚ್ಚು ಆಡಿದೆವು. ರವಿವಾರ ಮುಂಜಾನೆ ಅವನ ಮನೆಯ ಕಟ್ಟೆ ಇದಕ್ಕೆ ಗೊತ್ತಾದ ಜಾಗ. ಬೇರೆ ಗೆಳೆಯರು ಮಳೆ ಬೆಳೆ, ಪಗಾರ, ಮಕ್ಕಳ ಮಾರ್ಕು ಅಂತ ಮಾತಾಡುತ್ತಾರಂತೆ. ನಮಗೆ ಅವೆಲ್ಲ ಐದು ನಿಮಿಷದಲ್ಲಿ ಮುಗಿಯುತ್ತಿದ್ದವು. ಆಮೇಲೆ ನಾನು, "ಏನಂದ್ರೂ ಅಂವ ಸತ್ತಿಲ್ಲ ಬಿಡು" ಅನ್ನುತ್ತಿದ್ದೆ. ಅವನು ಚಹಾದ ಕಪ್ಪು ಕೆಳಗಿಡುತ್ತಿದ್ದ.

ಅವನ ಹೆಂಡತಿ ಗಿರಿಜಾ ವೈನಿ ಲಕ್ಷ್ಮೇಶ್ವರದವರು. ಸಿನಿಮಾ ಅವರು ನೋಡಿರಲೇ ಇಲ್ಲ. ಆದರೂ ಯಾವಾಗಲೂ ನನ್ನ ಪಕ್ಷ. ಚಹಾ ತಂದು ಕೊಡುತ್ತ, "ನಮ್ಮನಿಯವ್ರಿಗೆ ಯಾರನ್ನರೆ ಒಬ್ಬರನ್ನ ಸಾಯಿಸದಿದ್ರ ಸಮಾಧಾನಿಲ್ರಿ ಅಣ್ಣಾರ. ಅವ ಬರ್ತಾನ್ ತಗೋರಿ" ಅನ್ನುತ್ತಿದ್ದರು. ಚನ್ಯಾ, "ನಿನಗೇನ್ ಗೊತ್ತೈತಿ?" ಅನ್ನುತ್ತಿದ್ದ. "ನಿಮಗ ಗೊತ್ತಿದ್ದಷ್ಟ ನನಗೂ ಗೊತ್ತೈತಿ. ದಿನಾ ಕೇಳಾಕತ್ತು ಇಪ್ಪತ್ತು ವರ್ಷ ಆತು." ಆ ಮನೆಯಲ್ಲಿ ಗಂಡ ಹೆಂಡತಿ ಎಲ್ಲದಕ್ಕೂ ಹೀಗೇ ಕಚ್ಚಾಡುತ್ತಿದ್ದರು. ಫ್ಯಾನು ಎರಡರಲ್ಲಿ ಇರಬೇಕೋ ಮೂರರಲ್ಲೋ, ಪಲ್ಯಕ್ಕೆ ಗುರೆಳ್ಳು ಪುಡಿ ಬೇಕೋ ಬೇಡವೋ. ಅದು ಜಗಳ ಅಂತ ನನಗೆ ಒಮ್ಮೆಯೂ ಅನಿಸಲಿಲ್ಲ. ಪಕ್ಕದ ಮನೆಯ ರೇಡಿಯೋದ ಹಾಗೆ ಅದು ಹಚ್ಚಿಯೇ ಇರುತ್ತಿತ್ತು.

ಎರಡು ವರ್ಷದ ಹಿಂದೆ ವೈನಿ ಒಂದು ವಾರದ ಜ್ವರದಲ್ಲಿ ಹೋಗಿಬಿಟ್ಟರು.

ಚನ್ಯಾ ಅತ್ತದ್ದು ನಾನು ನೋಡಲಿಲ್ಲ. ಮಾತು ಬಿಟ್ಟ, ಅಷ್ಟೇ. ಪ್ರೆಸ್ಸಿಗೆ ಹೋಗುತ್ತಾನೆ, ಬರುತ್ತಾನೆ, ಕೊಟ್ಟದ್ದನ್ನು ಉಣ್ಣುತ್ತಾನೆ. ಒಂದೇ ಮನೆಯಲ್ಲಿರುವ ಅವನ ತಮ್ಮನ ಹೆಂಡತಿ ಒಂದು ರವಿವಾರ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, "ಭಾವಾರು ವಾರದಾಗ ಬಾಯಿ ಬಿಡೂದು ನಿಮ್ಮ ಕೂಡ ಅಷ್ಟರಿ. ತಪ್ಪಿಸಬ್ಯಾಡ್ರಿ" ಅಂದಳು. ನಾನು ತಪ್ಪಿಸಲಿಲ್ಲ. ಆದರೆ 'ಸತ್ತಿಲ್ಲ, ಬರ್ತಾನ' ಅನ್ನುವ ಮಾತನ್ನು ಬಿಟ್ಟು ಈಗ ಪಗಾರದ ಮಾತು ತೆಗೆಯುತ್ತಿದ್ದೆ. ಆ ಮನೆಯ ಕಟ್ಟೆಯ ಮೇಲೆ ಕೂತು ಅದನ್ನು ಹೇಗೆ ಅನ್ನುವುದು? ಅನ್ನದಿದ್ದರೆ ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಮೆಲ್ಲಗೆ ಅಂದರೆ, ಕಪ್ಪು ಕೆಳಗಿಟ್ಟು, "ಹೆಂಗ ಬರ್ತಾನಲೇ?" ಅಂತ ಸುರು ಮಾಡುತ್ತಿದ್ದ. ಅರ್ಧ ತಾಸು ಮಾತಾಡುತ್ತಿದ್ದ.

ಇಂಥ ಹೊತ್ತಿನಲ್ಲಿ ಆ ಖಬರು ಬಂತು. ಮೂವತ್ತು ಚಿಲ್ಲರೆ ವರ್ಷದ ಮೇಲೆ ಕಪ್ತಾನನ ಸಿನಿಮಾದ ನಾಲ್ಕನೇ ಭಾಗ ಬರುತ್ತದಂತೆ. ಅದೂ ಕನ್ನಡದಲ್ಲಿ ಮಾತಾಡುತ್ತದಂತೆ.

ಹಳೇ ಅಭಿಮಾನಿಗಳ ಸಂಕಟ ನಿಮಗೆ ಹೇಳಿ ತಿಳಿಸುವುದು ಕಷ್ಟ. ಬರಲಿ ಅಂತಲೂ ಆಸೆ, ಬಂದು ಕೆಡಿಸಿದರೆ ಅಂತಲೂ ಭಯ. ಮುಂಡರಗಿ, ಲಕ್ಷ್ಮೇಶ್ವರ, ಗದಗ ಎಲ್ಲ ಕಡೆಯ ನನ್ನಂಥವರದೇ ಒಂದು ವಾಟ್ಸಾಪ್ ಗುಂಪಿದೆ. ಎಲ್ಲರೂ ಐವತ್ತರ ಆಚೀಚೆ, ಎಲ್ಲರ ಫೋಟೋದಲ್ಲೂ ಮೊಮ್ಮಕ್ಕಳೋ ಹೂವಿನ ಕುಂಡವೋ. ಹಡಗನ್ನು ಹೊಸದು ಮಾಡಿಬಿಡುತ್ತಾರೇನೋ ಅಂತ ಒಬ್ಬರಿಗೆ ದಿಗಿಲು. ಮುರುಕು ಹಡಗಿಗೆ ಪೇಂಟು ಹೊಡೆದರೆ ಉಳಿಯುವುದೇನು? ಕಪ್ತಾನನ ಮುಖವನ್ನು ಕಂಪ್ಯೂಟರಿನಲ್ಲಿ ಎಳೆಯದು ಮಾಡುತ್ತಾರಂತೆ ಅಂತ ಇನ್ನೊಬ್ಬರು ಊಟ ಬಿಟ್ಟಿದ್ದರು. ನನ್ನದು ಕನ್ನಡದ ಚಿಂತೆ. ಕನ್ನಡದಲ್ಲಿ ಬರುವುದು ಒಳ್ಳೆಯದೇ, ಇಲ್ಲ ಅಂದವರ್ಯಾರು? ಆದರೆ ನಮ್ಮ ಕಪ್ತಾನ ಮೊದಲಿನಿಂದಲೂ ಕನ್ನಡವೇ ಮಾತಾಡುತ್ತಿದ್ದ. ಅವನು ತೆರೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಅಂದರೆ ಬೆಂಚಿನ ಮೇಲೆ ಕೂತವರು, "ಜಲ್ದಿ ಹತ್ರಲೇ, ನಾ ಬರ್ತೀನಿ" ಅಂತ ಅವನ ಪರವಾಗಿ ಅಂದುಬಿಡುತ್ತಿದ್ದರು. ಅದೇ ಅವನ ದನಿ ಅಂತ ನನ್ನ ತಲೆಯಲ್ಲಿ ಕೂತಿದೆ. ಈಗ ಟ್ರೇಲರಿನಲ್ಲಿ ಯಾರೋ, "ನೀವೆಲ್ಲರೂ ಹೊರಡಿ, ನಾನು ಹಿಂಬಾಲಿಸುತ್ತೇನೆ" ಅನ್ನುತ್ತಾನೆ, ಆಕಾಶವಾಣಿಯ ವಾರ್ತೆ ಓದಿದ ಹಾಗೆ.

ಕಾಲೇಜಿನ ಇಬ್ಬರು ಹುಡುಗಿಯರು ಬಸ್ಸಿನಲ್ಲಿ ಇದೇ ಟ್ರೇಲರ್ ನೋಡುತ್ತಿದ್ದರು. ಹಳೇ ಮೂರು ನೋಡಿದ್ದೀರಾ ಅಂತ ಕೇಳಿದೆ. "ನೋಡೀವ್ರಿ ಸರ್, ಭಾಳ ನಿಧಾನ ಅದಾವ್ರಿ" ಅಂದಳು ಒಬ್ಬಳು, ನನ್ನನ್ನು ನೋಯಿಸಬಾರದು ಅಂತ ದನಿ ತಗ್ಗಿಸಿ. ಅಜ್ಜನ ತಬ್ಯತ್ತು ವಿಚಾರಿಸಿದ ಹಾಗಿತ್ತು.

ಇವೆಲ್ಲ ಸಣ್ಣ ಚಿಂತೆಗಳು. ಒಂದು ದಿನ ಮುಳಗುಂದದ ಹತ್ತಿರ ಬಸ್ಸಿನಲ್ಲಿ ತೂಕಡಿಸುತ್ತಿದ್ದಾಗ ದೊಡ್ಡದು ಬಂದು ಎಬ್ಬಿಸಿತು. ಆ ಕೈ ಕಪ್ತಾನನದೇ ಆಗಿದ್ದರೆ? ಇಷ್ಟು ವರ್ಷದ ಮೊಕದ್ದಮೆ ಮುಗಿದ ಹಾಗೆ. ನಾನು ಗೆದ್ದೆ. ಗೆದ್ದು ಮಾಡುವುದೇನು? ಅದಾದ ಮುಂದಿನ ರವಿವಾರ ಆ ಕಟ್ಟೆಯ ಮೇಲೆ ಕೂತು ನಾವು ಮಾತಾಡುವುದು ಏನು? ಅವನ ಬಾಯಿ ತೆರೆಸುವ ಒಂದೇ ಒಂದು ಕೀಲಿ ನನ್ನ ಹತ್ತಿರ ಇತ್ತು, ಅದನ್ನು ಯಾರೋ ಎಲ್ಲೋ ಕೂತು ಸಿನಿಮಾ ಮಾಡಿ ಕಿತ್ತುಕೊಳ್ಳಲು ಹೊರಟಿದ್ದರು. ಮತ್ತೆ, ಸತ್ತವನು ತಿರುಗಿ ಬಂದದ್ದನ್ನು ಅವನಿಗೆ ಅಷ್ಟು ದೊಡ್ಡ ತೆರೆಯ ಮೇಲೆ ತೋರಿಸುವುದು ಸರಿಯೇ?

ಚಿಂತೆ ಮಾಡುವವರು ಸುಮ್ಮನೆ ಚಿಂತೆ ಮಾಡಿಕೊಂಡಿರಬೇಕು. ಉಪಾಯಕ್ಕೆ ಕೈ ಹಾಕಬಾರದು. ನಾನು ಹಾಕಿದೆ.

ಆ ರವಿವಾರ ಚನ್ಯಾನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಿಂಕದಕಟ್ಟಿಯ ಮೃಗಾಲಯಕ್ಕೆ ಹೋದೆ. ಬಯಲಿನ ಗಾಳಿಯಾದರೂ ಆಗಲಿ ಅಂತ. ಮೊಸಳೆಯ ಹೊಂಡದ ಮುಂದೆ ಬಹಳ ಹೊತ್ತು ನಿಂತೆವು. ಅದು ಅಲುಗಾಡಲಿಲ್ಲ. ಅದು ಜೀವಂತ ಇದೆಯೋ ಇಲ್ಲವೋ ಅಂತ ಪಕ್ಕದಲ್ಲಿ ಅಸುಂಡಿಯಿಂದ ಬಂದ ಒಂದು ಕುಟುಂಬದಲ್ಲಿ ವಾದ ನಡೆದಿತ್ತು. ನನಗೆ ಇದೇ ಸಮಯ ಅನಿಸಿತು. ಸಿನಿಮಾ ಬರುವುದರೊಳಗೆ ನಾನೇ ಸೋತುಬಿಟ್ಟರೆ, ಅದು ಏನೇ ತೋರಿಸಲಿ, ಅವನಿಗೆ ನೋವಾಗುವುದಿಲ್ಲ ಅಂತ ನನ್ನ ಲೆಕ್ಕ.

"ಚನ್ಯಾ," ಅಂದೆ. "ನೀ ಅಂದದ್ದ ಖರೆ. ಕಪ್ತಾನ ಸತ್ತಾನ. ಬೈಂಡಿಂಗ್ ತಪ್ಪು ಅದು. ನಾ ಒಪ್ಪಿಕೊಂಡೆ."

ಅವನು ಮೊಸಳೆ ನೋಡುವುದನ್ನು ಬಿಟ್ಟು ನನ್ನನ್ನು ನೋಡಿದ.

"ನೀನೂ ಸುರು ಮಾಡಿದೆಲ್ಲಾ," ಅಂದ.

"ಏನು?"

"ಎರಡು ವರ್ಷ ಆತು. ನಾ ಏನಂದ್ರೂ ಮಂದಿ ಹೌದು ಅಂತಾರ. ಸಾರು ಉಪ್ಪಾಗೇತಿ ಅಂದ್ರ ಹೌದ್ರಿ, ಸಪ್ಪಗೈತಿ ಅಂದ್ರೂ ಹೌದ್ರಿ. ಪ್ರೆಸ್ಸಿನ ಹುಡುಗ್ರ ಮುಂದ ಬೇಕಂತ ತಪ್ಪು ಹೇಳಿ ನೋಡಿದೆ. ಅದಕ್ಕೂ ಹೌದ್ರಿ ಅಂದ್ರು. ಅಕಿ ಇದ್ದಾಗ ದಿನಕ್ಕ ಹತ್ತು ಸಲ ಅಲ್ಲ ಅಂತಿದ್ಲು. ಅಲ್ಲ ಅನ್ನಾವ ನೀ ಒಬ್ಬಾಂವ ಉಳದಿದ್ದಿ."

ಹಿಂದಿರುಗುವಾಗ ಅವನು ಸ್ಕೂಟರಿನ ಹಿಂದೆ ಕೂತಿದ್ದಾನೋ ಇಲ್ಲವೋ ಅನ್ನುವಷ್ಟು ಸುಮ್ಮನಿದ್ದ. ಎರಡು ಸಲ ತಿರುಗಿ ನೋಡಿ ಖಾತ್ರಿ ಮಾಡಿಕೊಂಡೆ.

ಮುಂದಿನ ರವಿವಾರ ಹೋದರೆ, ಭಾವಾರು ಪ್ರೆಸ್ಸಿಗೆ ಹೋಗಿದ್ದಾರೆ ಅಂದಳು ತಮ್ಮನ ಹೆಂಡತಿ. ರವಿವಾರ ಪ್ರೆಸ್ಸಿಗೆ ರಜೆ ಇರುತ್ತದೆ ಅನ್ನುವುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅದರ ಮುಂದಿನ ವಾರ, ಮಲಗಿದ್ದಾರೆ ಅಂದಳು. ಹೀಗೆ ಐದು ವಾರ. ಫೋನು ಎತ್ತಲಿಲ್ಲ. ನಾನು ಮನೆಯಲ್ಲಿ ಅತ್ತಿಂದಿತ್ತ ತಿರುಗಾಡಿ ಸುಮಿತ್ರಾಳ ತಲೆ ತಿಂದೆ. "ಕರುಣೆ ತೋರಿಸಿದ್ದು ತಪ್ಪಾತೇನ?" ಅಂತ ಕೇಳಿದೆ. ಅವಳು ಜೋಳದ ಹಿಟ್ಟು ನಾದುತ್ತಿದ್ದಳು. "ಮಂದಿ ಎರಡು ವರ್ಷದಿಂದ ಅದನ್ನ ತೋರಿಸಾಕತ್ತಾರ. ನಿಮ್ಮದೂ ಒಂದು ಬೇಕಾಗಿತ್ತೇನ್ರಿ?" ಅಂದಳು. ಹಿಟ್ಟಿಗೆ ಇನ್ನೆರಡು ಗುದ್ದು ಬಿದ್ದವು. ಒಂದು ನನ್ನ ಲೆಕ್ಕಕ್ಕೆ ಅನಿಸಿತು.

ಕೊನೆಗೆ ಅವನ ಕಸುಬನ್ನೇ ಹಿಡಿದೆ. ವಾಟ್ಸಾಪಿನಲ್ಲಿ ಉದ್ದನೆಯ ಒಂದು ಬರಹ ಕಳಿಸಿದೆ. ಅದರ ಸಾರಾಂಶ ಇಷ್ಟು: ಮೃಗಾಲಯದಲ್ಲಿ ಆಡಿದ ಮಾತು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಕಪ್ತಾನ ಸತ್ತಿಲ್ಲ. ಅವನ ಜೊತೆ ನಾಲ್ಕು ಮಂದಿ ಇದ್ದರು, ಬಾಗಿಲು ಕೆಂಪು ಬಣ್ಣದ್ದು, ಕಪ್ತಾನನ ಗಡ್ಡಕ್ಕೆ ಬೆಂಕಿ ತಾಗಿದ್ದು ತೆರೆಯ ಮೇಲೆ ಕಾಣುವುದಿಲ್ಲ, ಆದ್ದರಿಂದ ಅವನು ಉಳಿದಿದ್ದಾನೆ. ಒಂದೊಂದು ತಪ್ಪನ್ನೂ ಕಾಳು ಬಿತ್ತಿದ ಹಾಗೆ ನೋಡಿ ನೋಡಿ ಹಾಕಿದ್ದೆ.

ನೀಲಿ ಗೆರೆ ಬಿತ್ತು. ಓದಿದ. ಎರಡು ದಿನ ನಾನು ಮೊಬೈಲನ್ನು ಲ್ಯಾಬಿನ ತಕ್ಕಡಿಯ ಪಕ್ಕದಲ್ಲೇ ಇಟ್ಟುಕೊಂಡು ಕೂತೆ. ಮೂರನೇ ದಿನ ಮಧ್ಯಾಹ್ನ ಉತ್ತರ ಬಂತು: "ಐದು ಮಂದಿ. ನೀಲಿ ಬಾಗಿಲಾ. ಗಡ್ಡ ಇದ್ದಿಲ್ಲ. ನೀ ಯಾವ ಸಿನಿಮಾ ನೋಡೀಯಲೇ?"

ಪ್ರಾಕ್ಟಿಕಲ್ಲಿಗೆ ಬಂದ ಹುಡುಗರು ಸರ್ ಯಾಕೆ ನಗುತ್ತಿದ್ದಾರೆ ಅಂತ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಶುಕ್ರವಾರ ನಾಲ್ಕನೇ ಭಾಗ ಗದಗಿಗೆ ಬರುವುದಿತ್ತು. ನಾನು ಬರೆದೆ: "ರವಿವಾರ ಮ್ಯಾಟ್ನಿಗೆ ಬಾ. ನೀನ ಸುಳ್ಳ ಅಂತ ತೋರಿಸ್ತೀನಿ." ನೀಲಿ ಗೆರೆ ಬಿತ್ತು.

ಈಗ ಸಿನಿಮಾ ನೋಡದವರು ಬೇಕಾದರೆ ಸ್ವಲ್ಪ ಹಾರಿಸಿ ಓದಿ, ಆಮೇಲೆ ನನ್ನನ್ನು ಬೈಯಬೇಡಿ.

ರವಿವಾರ ನಾನು ಒಂದು ತಾಸು ಮೊದಲೇ ಹೋಗಿ ಗದಗಿನ ಥೇಟರಿನ ಮುಂದೆ ನಿಂತೆ. ಬರದಿದ್ದರೆ? ಬಂದು ಹಾದಿಯಲ್ಲೇ ತಿರುಗಿಬಿಟ್ಟರೆ? ಬಂದು ಕೂತು, ಏನೂ ಮಾತಾಡದೆ ಎದ್ದು ಹೋದರೆ? ಕಡೆಯದು ಎಲ್ಲಕ್ಕಿಂತ ಕೆಟ್ಟದ್ದು. ಆಟ ಸುರುವಾಗಲು ಐದು ನಿಮಿಷ ಇದ್ದಾಗ ಅವನು ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ನನ್ನನ್ನು ನೋಡಿ ತಲೆ ಅಲ್ಲಾಡಿಸಿದ, ಅಷ್ಟೇ. ಒಳಗೆ ಹೋಗಿ ಕೂತೆವು. ಮುಂದಿನ ಸಾಲಿನಲ್ಲಿ ಕಾಲೇಜು ಹುಡುಗರು, ಹಿಂದೆ ಒಂದು ಸಂಸಾರ.

ಹಡಗಿಗೆ ಪೇಂಟು ಹೊಡೆದಿರಲಿಲ್ಲ. ನನ್ನ ಎದೆ ಅರ್ಧ ಹಗುರಾಯಿತು. ಮಧ್ಯಂತರದ ತನಕ ಕಪ್ತಾನನ ಸುಳಿವಿಲ್ಲ, ಆ ಐದು ಮಂದಿಯಲ್ಲಿ ಉಳಿದ ಒಬ್ಬ ಮುದುಕ, ಒಬ್ಬ ಮುದುಕಿ ಅವನನ್ನು ಹುಡುಕುತ್ತಾರೆ. ಚನ್ಯಾ ಹೊರಗೂ ಹೋಗಲಿಲ್ಲ, ಚಹಾ ಬೇಕೇ ಅಂದರೆ ಕೈ ಬೀಸಿದ. ದೀಪ ಆರಿತು. ಕತ್ತಲೆಯೊಳಗಿಂದ ಆ ಕೈ ಬಂತು, ಹಿಡಿಕೆ ಹಿಡಿಯಿತು, ಬಾಗಿಲು ತೆರೆಯಿತು. ಕಪ್ತಾನ ನಿಂತಿದ್ದ. ಕೂದಲು ಪೂರಾ ಬೆಳ್ಳಗಾಗಿತ್ತು. ಆ ಮುದುಕಿ ಅವನ ಮುಖ ಮುಟ್ಟಿ ನೋಡಿದಳು.

ಥೇಟರಿನಲ್ಲಿ ಸಿಳ್ಳೆ ಬಿತ್ತು. ನಾನು ತೆರೆ ನೋಡಲಿಲ್ಲ, ಪಕ್ಕಕ್ಕೆ ನೋಡಿದೆ. ಚನ್ಯಾ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಿದ್ದ. ಒರೆಸಿ ಹಾಕಿಕೊಂಡ, ಮತ್ತೆ ತೆಗೆದ. "ಬಂದ್ನಲ್ಲಲೇ," ಅಂದ, ತನಗೆ ತಾನೇ.

ನನ್ನ ಕೈ ಅವನ ಭುಜದ ಮೇಲೆ ಹೋಗಬೇಕು ಅಂತ ಎದ್ದಿತ್ತು. ಇಷ್ಟು ವರ್ಷದಲ್ಲಿ ಒಂದೇ ಒಂದು ಸಲ ನಾನು ಚಿಂತೆ ಮಾಡದೆ ಒಂದು ಕೆಲಸ ಮಾಡಿದ್ದರೆ ಅದು ಇದು: ಆ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, "ನೋಡಿದೆಲ್ಲಾ? ಸತ್ತಾನ ಸತ್ತಾನ ಅಂತ ಬಡಕೊಂಡಿ. ನಿಮ್ಮ ಗದಗಿನವರಿಗೆ ಕಣ್ಣ ಇಲ್ಲ ಬಿಡು" ಅಂದೆ.

ಚನ್ಯಾ ನನ್ನ ಕಡೆಗೆ ತಿರುಗಿದ. ಕಣ್ಣಲ್ಲಿ ನೀರು ಹಾಗೇ ಇತ್ತು. ಅಷ್ಟರಲ್ಲಿ ತೆರೆಯ ಮೇಲೆ ಕಪ್ತಾನ ವಾರ್ತೆ ಓದುವ ದನಿಯಲ್ಲಿ, "ನಾನು ಸತ್ತಿದ್ದೆ. ಈ ಗ್ರಹದವರು ನನ್ನನ್ನು ಮರಳಿ ತಂದರು" ಅಂದ.

ಚನ್ಯಾ ಕುರ್ಚಿಯಿಂದ ಅರ್ಧ ಎದ್ದ. "ಕೇಳಿದೇನಲೇ ಪರಸ್ಯಾ? ಸತ್ತಿದ್ದೆ ಅಂದ. ತನ್ನ ಬಾಯಲೇ ಅಂದ. ಸತ್ತ ಮ್ಯಾಲ ಬಂದಾನ. ನೀ ಅಂದಂಗ ಉಳದು ಬಂದಿಲ್ಲ."

"ಸತ್ತಾಂವ ಸತ್ತಿದ್ದೆ ಅಂತ ಹೆಂಗ ಅಂತಾನಲೇ? ಎಚ್ಚರ ತಪ್ಪಿತ್ತು ಅವಂಗ."

"ಎಚ್ಚರ ತಪ್ಪಿದ್ರ ಮೂವತ್ತು ವರ್ಷ ಬೇಕೇನು ಏಳಾಕ? ನಿಮ್ಮ ಬೆಟಗೇರಿ ಮಂದಿಗೆ ಆಗಬಹುದು."

ಮುಂದಿನ ಸಾಲಿನ ಹುಡುಗ ತಿರುಗಿ, "ಕಾಕಾರ, ಸ್ವಲ್ಪ ಸುಮ್ಮ ಕುಂಡ್ರಿ" ಅಂದ. ಹಿಂದಿನ ಸಂಸಾರದ ಹೆಣ್ಣುಮಗಳು, "ಇಬ್ರನ್ನೂ ಹೊರಗ ಕಳಸ್ರಿ" ಅಂದಳು. ಚನ್ಯಾ ದನಿ ತಗ್ಗಿಸಿದ, ಮಾತು ನಿಲ್ಲಿಸಲಿಲ್ಲ. ಹಡಗು ಎರಡು ಸಲ ಢಂ ಅಂತು, ಯಾರೋ ಯಾರನ್ನೋ ಕಾಪಾಡಿದರು, ಹೆಸರುಗಳು ಬಿದ್ದವು. ಅವನು ಮಾತಾಡುತ್ತಲೇ ಇದ್ದ. ಹೊರಗೆ ಸ್ಕೂಟರಿನ ಹತ್ತಿರ ನಿಂತು ಇನ್ನೂ ಮುಕ್ಕಾಲು ತಾಸು ಮಾತಾಡಿದ. ಅದರಲ್ಲಿ ಕಪ್ತಾನನದು ಅರ್ಧ, ಮಿಕ್ಕದ್ದು ವೈನಿಯದು. ಜ್ವರ ಬಂದ ಎರಡನೇ ದಿನ ಫ್ಯಾನಿನ ಸಲುವಾಗಿ ಜಗಳಾಡಿದ್ದು, ಅದರಲ್ಲಿ ಅವರೇ ಗೆದ್ದದ್ದು, ಎಲ್ಲ ಹೇಳಿದ. ನಾನು ಸಿಕ್ಕಲ್ಲೆಲ್ಲ ಅಲ್ಲ ಅಂದೆ. ಫ್ಯಾನಿನ ವಿಷಯದಲ್ಲಿ ವೈನಿಯದೇ ಸರಿ ಅಂತಲೂ ಅಂದೆ. ಅವನು ಸಿಟ್ಟಾದ.

ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದೆ. ಸುಮಿತ್ರಾ ಒಲೆಯ ಮುಂದಿದ್ದಳು.

"ಸಿನಿಮಾ ಹೆಂಗಿತ್ರಿ?" ಅಂದಳು, ತಿರುಗಿ ನೋಡದೆ.

"ಅರ್ಧಕ್ಕರ್ಧ ಕೇಳಿಸಲೇ ಇಲ್ಲ," ಅಂದೆ. "ಚನ್ಯಾ ಮಾತಾಡಾಕತ್ತಿದ್ದ."

ಅವಳು ಕೈಯಲ್ಲಿದ್ದ ರೊಟ್ಟಿಯನ್ನು ಬುಟ್ಟಿಗೆ ಹಾಕಿದಳು, ಒಲೆ ಆರಿಸಿದಳು, ಸೆರಗಿಗೆ ಕೈ ಒರೆಸಿಕೊಂಡು ನನ್ನ ಮುಂದೆ ಬಂದು ಕೂತಳು.

"ಏನೇನ್ ಅಂದ್ರು, ಹೇಳ್ರಿ," ಅಂದಳು.